ಬಹುಮತ ಇಲ್ಲದ ಸರ್ಕಾರ: ಅದು ನಡೆಯುವುದು ಹೇಗೆ, ಅದರಿಂದ ಜನರಿಗೆ ಏನು ಲಾಭ?

ಚುನಾವಣೆ ಫಲಿತಾಂಶದ ದಿನ ಟಿವಿ ಪರದೆಯ ಮೇಲೆ ಒಂದು ಪದ ಮತ್ತೆ ಮತ್ತೆ ಮಿಂಚುತ್ತದೆ: ಅತಂತ್ರ. ನೆಲೆ ತಪ್ಪಿದವರಿಗೆ, ದಿಕ್ಕು ಕಾಣದವರಿಗೆ ನಾವು ಬಳಸುವ ಪದ ಅದು. ನಿಜಕ್ಕೂ ಆಗಿರುವುದು ಇಷ್ಟೇ. ಯಾವ ಪಕ್ಷಕ್ಕೂ ಅರ್ಧಕ್ಕಿಂತ ಜಾಸ್ತಿ ಸ್ಥಾನ ಬಂದಿಲ್ಲ. ಆದರೆ ಆ ಪದ ಕಿವಿಗೆ ಬಿದ್ದರೆ ಸಾಕು, ಇನ್ನು ಆಡಳಿತವೇ ನಡೆಯುವುದಿಲ್ಲವೇನೋ ಅನ್ನಿಸಿಬಿಡುತ್ತದೆ.

ಈಚಿನ ವರ್ಷಗಳಲ್ಲಿ ಇಂಥ ಫಲಿತಾಂಶಗಳು ಹೆಚ್ಚುತ್ತಿವೆ. 2024ರ ಜುಲೈನಲ್ಲಿ ಫ್ರಾನ್ಸ್‌ನ ಸಂಸತ್ತು ಮೂರು ಹೋಳಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜಪಾನ್‌ನ ಆಳುವ ಮೈತ್ರಿಕೂಟಕ್ಕೆ 465ರಲ್ಲಿ 215 ಸ್ಥಾನವಷ್ಟೇ ಸಿಕ್ಕಿತು. ಕೆನಡಾದ ಜನ 2019, 2021, 2025, ಈ ಮೂರೂ ಚುನಾವಣೆಗಳಲ್ಲಿ ಯಾರಿಗೂ ಬಹುಮತ ಕೊಡಲಿಲ್ಲ. ಇದೇನೂ ಹೊಸ ರೋಗವಲ್ಲ. ಎರಡನೇ ಮಹಾಯುದ್ಧದ ನಂತರ ಸಂಸದೀಯ ಪ್ರಜಾಪ್ರಭುತ್ವಗಳಲ್ಲಿ ಬಂದ ಸರ್ಕಾರಗಳನ್ನು ಎಣಿಸಿದರೆ ಸುಮಾರು ಮೂರರಲ್ಲಿ ಒಂದಕ್ಕೆ ಬಹುಮತ ಇರಲಿಲ್ಲ.

ಅಂದ ಮೇಲೆ ಇದು ಅಪಘಾತವಲ್ಲ, ಆಡಳಿತ ನಡೆಸುವ ಇನ್ನೊಂದು ರೀತಿ. ಅದರ ಒಳಗೆ ಏನು ನಡೆಯುತ್ತದೆ, ಅದರಲ್ಲಿ ಒಳ್ಳೆಯದು ಏನಿದೆ ಎಂದು ನಿಧಾನವಾಗಿ ನೋಡೋಣ.

ಮೊದಲು ಲೆಕ್ಕ

ಸಂಸದೀಯ ವ್ಯವಸ್ಥೆಯಲ್ಲಿ ಜನ ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ. ಸದನದ ಸದಸ್ಯರನ್ನು ಆರಿಸುತ್ತಾರೆ. ಆ ಸದನ ಯಾರನ್ನು ಸಹಿಸಿಕೊಳ್ಳುತ್ತದೋ ಅವರು ಪ್ರಧಾನಿಯಾಗಿ ಉಳಿಯುತ್ತಾರೆ. 'ಸಹಿಸಿಕೊಳ್ಳುವುದು' ಎಂದು ಬೇಕೆಂದೇ ಬರೆದಿದ್ದೇನೆ. ಸದನದ ಅರ್ಧಕ್ಕಿಂತ ಹೆಚ್ಚು ಜನ ಸರ್ಕಾರವನ್ನು ಮೆಚ್ಚಬೇಕಾಗಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಸೇರಿ ಅದನ್ನು ಕೆಳಗಿಳಿಸದಿದ್ದರೆ ಸಾಕು. ಅಲ್ಪಮತದ ಸರ್ಕಾರದ ಇಡೀ ಗುಟ್ಟು ಇರುವುದು ಈ ಸಣ್ಣ ವ್ಯತ್ಯಾಸದಲ್ಲಿ.

ಹತ್ತು ಜನರ ಒಂದು ಸಮಿತಿ ಇದೆ ಅಂದುಕೊಳ್ಳಿ. ನಿಮ್ಮ ಗುಂಪಿನಲ್ಲೇ ಆರು ಜನ ಇದ್ದರೆ ಅದು ಬಹುಮತದ ಸರ್ಕಾರ. ಉಳಿದ ನಾಲ್ವರು ಏನೇ ಹೇಳಲಿ, ಕೊನೆಗೆ ನಡೆಯುವುದು ನಿಮ್ಮ ಮಾತೇ. ನಿಮ್ಮವರು ನಾಲ್ವರೇ ಇದ್ದು, ಇನ್ನಿಬ್ಬರನ್ನು ಸೇರಿಸಿಕೊಂಡು ಅವರಿಗೂ ಅಧಿಕಾರದಲ್ಲಿ ಪಾಲು ಕೊಟ್ಟರೆ ಅದು ಸಮ್ಮಿಶ್ರ ಸರ್ಕಾರ. ಯಾರಿಗೂ ಪಾಲು ಕೊಡದೆ ನಾಲ್ವರೇ ಅಧಿಕಾರ ಹಿಡಿದು, ಪ್ರತಿ ಕೆಲಸಕ್ಕೂ ಹೊರಗಿನ ಇಬ್ಬರ ಕೈ ಎತ್ತಿಸಿಕೊಳ್ಳುತ್ತಾ ಹೋದರೆ ಅದು ಅಲ್ಪಮತದ ಸರ್ಕಾರ. ಎರಡು ಪಕ್ಷಗಳು ಸೇರಿಯೂ ಅರ್ಧ ದಾಟದಿದ್ದರೆ ಅದು ಸಮ್ಮಿಶ್ರವೂ ಹೌದು, ಅಲ್ಪಮತವೂ ಹೌದು.

'ಸಹಿಸಿಕೊಳ್ಳುವುದು' ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಸ್ವೀಡನ್ ಒಳ್ಳೆಯ ಉದಾಹರಣೆ. 2021ರ ನವೆಂಬರ್ 24ರಂದು ಅಲ್ಲಿನ ಸಂಸತ್ತು ಮಗ್ದಲೆನಾ ಆಂಡರ್ಸನ್ ಪ್ರಧಾನಿಯಾಗಬೇಕೇ ಎಂದು ಮತ ಹಾಕಿತು. ಪರವಾಗಿ 117 ಮತ, ವಿರುದ್ಧ 174. ಯಾರು ನೋಡಿದರೂ ಇದು ಸೋಲು ಅನ್ನುತ್ತಾರೆ, ಅಲ್ವಾ? ಆದರೆ ಅವರು ಗೆದ್ದರು. ಸದನದಲ್ಲಿ ಇರುವುದು 349 ಜನ. ಸೋಲಿಸಲು 175 ಮತ ವಿರುದ್ಧ ಬೀಳಬೇಕಿತ್ತು. 57 ಜನ ತಟಸ್ಥರಾಗಿ ಉಳಿದರು. ಆಂಡರ್ಸನ್ ಅವರ ಸರ್ಕಾರದ ಪಾಲುದಾರ ಪಕ್ಷ ಅದೇ ದಿನ ಹೊರನಡೆದದ್ದರಿಂದ ಅವರು ಕೆಲವೇ ಗಂಟೆಗಳಲ್ಲಿ ರಾಜೀನಾಮೆ ಕೊಟ್ಟರು. ಐದು ದಿನದ ನಂತರ ಮತ್ತೆ ಮತದಾನ ನಡೆಯಿತು. ಈ ಸಲ ಪರವಾಗಿ ಬಂದದ್ದು ಬರೀ 101. ಆಗಲೂ ಗೆದ್ದರು. ವಿರುದ್ಧ 175 ಆಗಲೇ ಇಲ್ಲ.

ಹೊರಗಿನ ಬೆಂಬಲ ಅಂದರೆ ಏನು?

ಸರ್ಕಾರದ ಪ್ರಾಣ ಇರುವುದು ಎರಡು ಕಡೆ. ಒಂದು ವಿಶ್ವಾಸಮತ. ಇನ್ನೊಂದು ಬಜೆಟ್. ಸದನ ನಂಬಿಕೆ ಇಲ್ಲ ಎಂದರೂ, ಖರ್ಚಿಗೆ ಹಣ ಕೊಡುವುದಿಲ್ಲ ಎಂದರೂ ಸರ್ಕಾರ ಉಳಿಯುವುದು ಕಷ್ಟ. ಆದ್ದರಿಂದ ಅಲ್ಪಮತದ ಸರ್ಕಾರ ಸಾಮಾನ್ಯವಾಗಿ ಒಂದೋ ಎರಡೋ ಪಕ್ಷಗಳ ಜೊತೆ ಈ ಎರಡು ವಿಷಯಕ್ಕೆ ಮಾತ್ರ ಒಪ್ಪಂದ ಮಾಡಿಕೊಳ್ಳುತ್ತದೆ. 'ಈ ಎರಡರಲ್ಲಿ ನಾವು ನಿಮ್ಮನ್ನು ಬೀಳಿಸುವುದಿಲ್ಲ. ಉಳಿದ ಮಸೂದೆಗಳನ್ನು ಒಂದೊಂದಾಗಿ ನೋಡಿ ತೀರ್ಮಾನಿಸುತ್ತೇವೆ' ಎಂಬುದು ಅದರ ಸಾರ. ನಮ್ಮ ಪತ್ರಿಕೆಗಳು ಬಾಹ್ಯ ಬೆಂಬಲ ಎಂದು ಬರೆಯುವುದು ಹೆಚ್ಚು ಕಡಿಮೆ ಇದನ್ನೇ.

ಬೆಂಬಲ ಅಂದರೆ ಪರವಾಗಿ ಕೈ ಎತ್ತಲೇಬೇಕು ಎಂದೂ ಇಲ್ಲ. ಐರ್ಲೆಂಡಿನಲ್ಲಿ 2016ರ ಚುನಾವಣೆಯಲ್ಲಿ ಫಿನೆ ಗೇಲ್ ಪಕ್ಷಕ್ಕೆ 158ರಲ್ಲಿ 50 ಸ್ಥಾನ ಬಂದಿತ್ತು. ಅದರ ಹಳೆಯ ಎದುರಾಳಿ ಫಿಯಾನಾ ಫಾಯ್ಲ್, ಮುಖ್ಯ ಮತದಾನಗಳಲ್ಲಿ ತಟಸ್ಥವಾಗಿ ಉಳಿಯುತ್ತೇವೆ ಎಂದು ಬರೆದುಕೊಟ್ಟಿತು. ಪ್ರತಿಯಾಗಿ ತನಗೆ ಬೇಕಾದ ಕೆಲವು ನೀತಿಗಳನ್ನು ಬರೆಸಿಕೊಂಡಿತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡುವ ಬ್ರೆಕ್ಸಿಟ್ ಗೊಂದಲ ಜೋರಾಗಿದ್ದ 2018ರ ಡಿಸೆಂಬರ್‌ನಲ್ಲಿ, ಇಂಥ ಹೊತ್ತಲ್ಲಿ ದೇಶಕ್ಕೆ ಚುನಾವಣೆ ಬೇಡ ಎಂದು ಅದೇ ವಿರೋಧ ಪಕ್ಷ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿತು. ಸರ್ಕಾರ 2020ರವರೆಗೆ ನಡೆಯಿತು.

ಕೇಳದೆ ಗತಿಯಿಲ್ಲ, ಲಾಭ ಶುರುವಾಗುವುದೇ ಅಲ್ಲಿ

ಬಹುಮತ ಇರುವ ಸರ್ಕಾರದಲ್ಲಿ ಹೆಚ್ಚಿನ ಮಸೂದೆಗಳ ಹಣೆಬರಹ ಸದನಕ್ಕೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಸಂಪುಟ ಒಪ್ಪಿತು, ಪಕ್ಷ ವಿಪ್ ಕೊಟ್ಟಿತು, ಮತ ಬಿತ್ತು. ವಿರೋಧ ಪಕ್ಷದವರು ಎಷ್ಟೇ ಒಳ್ಳೆಯ ತಿದ್ದುಪಡಿ ತಂದರೂ ಅದನ್ನು ತಳ್ಳಿಹಾಕಲು ಎಣಿಕೆ ಒಂದೇ ಸಾಕು. ಅಲ್ಪಮತದ ಸರ್ಕಾರಕ್ಕೆ ಈ ಸೌಲಭ್ಯವಿಲ್ಲ. ಮಂತ್ರಿಗಳು ಮಸೂದೆ ಬರೆಯುವ ಹಂತದಲ್ಲೇ ಎದುರು ಬದಿಯ ಬಾಗಿಲು ತಟ್ಟಬೇಕು. 'ಇದರಲ್ಲಿ ನಿಮಗೆ ಏನು ಸರಿ ಇಲ್ಲ?' ಎಂದು ಕೇಳಬೇಕು. ಉತ್ತರವನ್ನು ಕಿವಿಗೆ ಹಾಕಿಕೊಳ್ಳಬೇಕು.

ಇದು ಕೆಲಸ ಮಾಡಿದ್ದನ್ನು ನೋಡಲು ನನಗೆ ಇಷ್ಟವಾದ ಕಥೆ ಕೆನಡಾದ್ದು. 1963ರಿಂದ 1968ರವರೆಗೆ ಲೆಸ್ಟರ್ ಪಿಯರ್ಸನ್ ಪ್ರಧಾನಿಯಾಗಿದ್ದರು. ಎರಡು ಚುನಾವಣೆ ಗೆದ್ದರೂ ಒಮ್ಮೆಯೂ ಬಹುಮತ ಸಿಗಲಿಲ್ಲ. 265 ಸ್ಥಾನಗಳ ಸದನದಲ್ಲಿ 133 ಬೇಕಿತ್ತು. 1965ರಲ್ಲಿ ಅವರ ಪಕ್ಷ 131ಕ್ಕೆ ಬಂದು ನಿಂತಿತು.

ಆಗ ಕೆನಡಾಕ್ಕೆ ತನ್ನದೇ ಆದ ಹೊಸ ಬಾವುಟ ಬೇಕೇ ಎಂಬ ಜಗಳ ಕಾವೇರಿತ್ತು. ಪಿಯರ್ಸನ್ ಮನಸ್ಸಿನಲ್ಲಿ ಒಂದು ವಿನ್ಯಾಸ ಇತ್ತು: ಎರಡು ಬದಿಯಲ್ಲಿ ನೀಲಿ ಪಟ್ಟಿ, ನಡುವೆ ಮೂರು ಮೇಪಲ್ ಎಲೆ. ಬಹುಮತ ಇದ್ದಿದ್ದರೆ ಬಹುಶಃ ಅದೇ ಬಾವುಟ ಆಗುತ್ತಿತ್ತು. ಚರ್ಚೆ ವಾರಗಟ್ಟಲೆ ಎಳೆದು, ಕೊನೆಗೆ ವಿಷಯ ಹದಿನೈದು ಜನರ ಸರ್ವಪಕ್ಷ ಸಮಿತಿಗೆ ಹೋಯಿತು. ಅಲ್ಲಿ ಆಳುವ ಪಕ್ಷದವರು ಏಳು ಜನ, ಉಳಿದವರು ಎಂಟು. 1964ರ ಅಕ್ಟೋಬರ್‌ನಲ್ಲಿ ಸಮಿತಿಯ ಮತದಾನ ನಡೆದಾಗ ಪ್ರಧಾನಿಯ ಮೂರು ಎಲೆ ಉಳಿಯಲಿಲ್ಲ. ಒಂದೇ ಕೆಂಪು ಎಲೆಯ ವಿನ್ಯಾಸಕ್ಕೆ 14 ಮತ ಬಿತ್ತು, ವಿರುದ್ಧ ಒಂದೂ ಇಲ್ಲ. ಸದನದಲ್ಲಿ ಮತ್ತೆ ಜಗಳ ನಡೆದು ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 1965ರ ಫೆಬ್ರವರಿ 15ರಂದು ಹಾರಿದ ಆ ಬಾವುಟ ಇಂದಿಗೂ ಅದೇ. ಅದು ಪ್ರಧಾನಿಯ ಮೊದಲ ಆಯ್ಕೆ ಆಗಿರಲಿಲ್ಲ ಎಂಬುದನ್ನು ಮರೆಯಬಾರದು.

ಅದೇ ಸರ್ಕಾರದ ಕಾಲದಲ್ಲಿ ಕೆನಡಾ ಪಿಂಚಣಿ ಯೋಜನೆ ಬಂತು. ಎಲ್ಲರಿಗೂ ವೈದ್ಯಕೀಯ ವಿಮೆ ಕೊಡುವ ಕಾಯ್ದೆಯೂ ಬಂತು. ಆ ವಿಮೆಯ ಕಲ್ಪನೆ ಪಿಯರ್ಸನ್ ಪಕ್ಷದಲ್ಲಿ ಮಾತ್ರ ಹುಟ್ಟಿದ್ದಲ್ಲ. ಟಾಮಿ ಡಗ್ಲಸ್ ಎಂಬ ನಾಯಕ ಸಸ್ಕಾಚವಾನ್ ಪ್ರಾಂತ್ಯದಲ್ಲಿ ಅದಕ್ಕೆ ಅಡಿಪಾಯ ಹಾಕಿದ್ದರು. 1962ರಲ್ಲಿ ಅಲ್ಲಿ ಜಾರಿಗೂ ಬಂದಿತ್ತು. ಪಿಯರ್ಸನ್ ಕಾಲಕ್ಕೆ ಡಗ್ಲಸ್ ರಾಷ್ಟ್ರೀಯ ಸಂಸತ್ತಿನಲ್ಲಿ ಸಣ್ಣ ಪಕ್ಷವೊಂದರ ನಾಯಕರಾಗಿದ್ದರು. ಸರ್ಕಾರಕ್ಕೆ ಅವರ ಪಕ್ಷದ ಮತ ಬೇಕಿತ್ತು. ಒತ್ತಡ ಬಿತ್ತು, ಕೆಲಸ ಮುಂದೆ ಸಾಗಿತು. 1966ರ ಡಿಸೆಂಬರ್‌ನಲ್ಲಿ ಆ ಮಸೂದೆಗೆ ಕೆಳಮನೆಯಲ್ಲಿ ಬಂದ ಮತ ನೋಡಿ: ಪರ 177, ವಿರುದ್ಧ 2. ಸ್ವಂತ ಬಲದಲ್ಲಿ 133 ಮುಟ್ಟಲಾಗದ ಸರ್ಕಾರ ಅದು!

ಹೊಸ ಉದಾಹರಣೆ ಜಪಾನ್. ದುಬಾರಿ ಚಿಕಿತ್ಸೆ ಪಡೆಯುವ ರೋಗಿಗಳು ತಿಂಗಳಿಗೆ ಗರಿಷ್ಠ ಎಷ್ಟು ಹಣ ಕೈಯಿಂದ ಕೊಡಬೇಕು ಎಂಬುದಕ್ಕೆ ಅಲ್ಲಿ ಒಂದು ಮಿತಿ ಇದೆ. 2025ರ ಬಜೆಟ್‌ನಲ್ಲಿ ಆ ಮಿತಿಯನ್ನು ಏರಿಸಲು ಸರ್ಕಾರ ಹೊರಟಿತ್ತು. ಕ್ಯಾನ್ಸರ್‌ನಂಥ ಕಾಯಿಲೆ ಇರುವವರು, ಅವರ ಸಂಘಟನೆಗಳು ಬೇಡ ಎಂದು ಮೊರೆಯಿಟ್ಟರು. ವಿರೋಧ ಪಕ್ಷಗಳು ಆ ದನಿಯನ್ನು ಸದನದ ಒಳಗೆ ತಂದವು. ಬಹುಮತ ಇಲ್ಲದ ಪ್ರಧಾನಿ ಶಿಗೆರು ಇಶಿಬಾ ಮಾರ್ಚ್‌ನಲ್ಲಿ ಏರಿಕೆಯನ್ನು ತಡೆಹಿಡಿದರು. ರೋಗಿಗಳ ಮಾತು ಕೇಳುವ ಮನಸ್ಸು ಬಹುಮತದ ಸರ್ಕಾರಕ್ಕೂ ಇರಬಹುದು. ಇಲ್ಲಿ ಕೇಳಲೇಬೇಕಾದ ಲೆಕ್ಕವೂ ಇತ್ತು.

ಅರ್ಧಕ್ಕಿಂತ ಹೆಚ್ಚು ಸ್ಥಾನ ಅಂದರೆ ಅರ್ಧಕ್ಕಿಂತ ಹೆಚ್ಚು ಮತವೇ?

ಬಹಳ ಸಲ ಅಲ್ಲ. 2024ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷ ಸುಮಾರು ಶೇ 34ರಷ್ಟು ಮತ ಪಡೆದು 650ರಲ್ಲಿ 411 ಸ್ಥಾನ ಗೆದ್ದಿತು. ಪ್ರತಿ ಕ್ಷೇತ್ರದಲ್ಲೂ ಎಲ್ಲರಿಗಿಂತ ಒಂದು ಮತ ಜಾಸ್ತಿ ಪಡೆದವರು ಗೆಲ್ಲುವ ಪದ್ಧತಿ ಇರುವ ಕಡೆ ಹೀಗೆ ಆಗುತ್ತಲೇ ಇರುತ್ತದೆ. ಗೆದ್ದವರ ತಪ್ಪೇನೂ ಇಲ್ಲ, ನಿಯಮವೇ ಹಾಗಿದೆ. ಆದರೂ ಮೂರರಲ್ಲಿ ಇಬ್ಬರು ಮತದಾರರು ಬೇರೆಯವರಿಗೆ ಮತ ಹಾಕಿದ್ದರು ಎಂಬುದು ಉಳಿಯುತ್ತದೆ.

ಅಲ್ಪಮತದ ಸರ್ಕಾರ ಒಂದು ಮಸೂದೆ ಪಾಸು ಮಾಡಿಸಲು ಎರಡನೆಯ, ಕೆಲವೊಮ್ಮೆ ಮೂರನೆಯ ಪಕ್ಷದ ಕೈ ಹಿಡಿಯಬೇಕು. ಆ ಪಕ್ಷಗಳಿಗೆ ಬಿದ್ದ ಮತಗಳನ್ನೂ ಕೂಡಿಸಿ ನೋಡಿ. ಹಾಗೆ ಬಂದ ಕಾಯ್ದೆಯ ಹಿಂದೆ ನಿಂತ ಮತದಾರರ ಸಂಖ್ಯೆ ಎಷ್ಟೋ ಸಲ ಒಂದೇ ಪಕ್ಷದ 'ಭಾರಿ ಬಹುಮತ'ದ ಹಿಂದೆ ನಿಂತವರಿಗಿಂತ ಜಾಸ್ತಿ ಇರುತ್ತದೆ. ಹೆಸರು ಅಲ್ಪಮತದ್ದು, ಕಾಯ್ದೆ ಬಹುಮತದ್ದು.

ಸದನಕ್ಕೆ ಮತ್ತೆ ಕೆಲಸ ಸಿಗುತ್ತದೆ

ಎಣಿಕೆ ಬಿಗಿಯಾದಾಗ ಪ್ರತಿಯೊಬ್ಬ ಸದಸ್ಯರಿಗೂ ಬೆಲೆ ಬರುತ್ತದೆ. ಸಮಿತಿಗಳಲ್ಲಿ ಆಳುವ ಪಕ್ಷಕ್ಕೆ ಸುಮ್ನೆ ಮುದ್ರೆ ಒತ್ತಿಸಿಕೊಳ್ಳಲು ಆಗುವುದಿಲ್ಲ. ಮಂತ್ರಿಗಳನ್ನು ಕರೆಸಿ ಪ್ರಶ್ನೆ ಕೇಳಬಹುದು, ಕಡತ ತರಿಸಿಕೊಳ್ಳಬಹುದು.

ಐರ್ಲೆಂಡಿನಲ್ಲಿ 2016ರ ಆ ಸಂಸತ್ತೇ ಮೊದಲ ಬಾರಿಗೆ ತನ್ನ ಸ್ಪೀಕರ್‌ರನ್ನು ಗುಪ್ತ ಮತದಾನದಲ್ಲಿ ಆರಿಸಿಕೊಂಡಿತು. ಆಸ್ಟ್ರೇಲಿಯಾದಲ್ಲಿ 2010ರ ಚುನಾವಣೆಯ ನಂತರ ಜೂಲಿಯಾ ಗಿಲಾರ್ಡ್ ಅವರ ಲೇಬರ್ ಪಕ್ಷಕ್ಕೆ 150ರಲ್ಲಿ 72 ಸ್ಥಾನ ಇತ್ತು. ಮೂವರು ಪಕ್ಷೇತರರು ಮತ್ತು ಗ್ರೀನ್ಸ್ ಪಕ್ಷದ ಒಬ್ಬರು ಸೇರಿ 76 ಆಯಿತು. ಬೆಂಬಲ ಕೊಟ್ಟವರು ಸಂಸತ್ತಿನ ನಡವಳಿಕೆಯನ್ನೇ ಬದಲಿಸುವ ಬೇಡಿಕೆಗಳನ್ನೂ ಇಟ್ಟರು. ಅದರಿಂದ ಹುಟ್ಟಿದ್ದು ಸಂಸದೀಯ ಬಜೆಟ್ ಕಚೇರಿ. ಯಾವ ಪಕ್ಷದ ಯೋಜನೆಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಪಕ್ಷಪಾತವಿಲ್ಲದೆ ಲೆಕ್ಕ ಹಾಕುವ ಕಚೇರಿ ಅದು. 2012ರಲ್ಲಿ ಶುರುವಾಯಿತು. ಗಿಲಾರ್ಡ್ ಸರ್ಕಾರ ಹೋಗಿ ಎದುರಾಳಿಗಳು ಬಂದರೂ ಆ ಕಚೇರಿ ಹೋಗಲಿಲ್ಲ. ಆ ಮೂರು ವರ್ಷದಲ್ಲಿ ಐನೂರಕ್ಕೂ ಹೆಚ್ಚು ಕಾಯ್ದೆಗಳು ಬಂದವು. ಅಂಗವಿಕಲರ ಆರೈಕೆಗೆ ರಾಷ್ಟ್ರೀಯ ವಿಮಾ ಯೋಜನೆ ತಂದ 2013ರ ಕಾಯ್ದೆಯೂ ಅವುಗಳಲ್ಲಿ ಒಂದು. ಬಹುಮತ ಇಲ್ಲದಿದ್ದರೆ ಏನೂ ಕೆಲಸ ಆಗುವುದಿಲ್ಲ ಎನ್ನುವವರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ಬಾಳಿಕೆ ಬರುವ ಕಾಯ್ದೆ: ಡೆನ್ಮಾರ್ಕಿನ ದಾರಿ

ಒಂದು ಪಕ್ಷ ತನ್ನ ಬಲದಿಂದ ತಂದ ಕಾಯ್ದೆಯನ್ನು ಮುಂದಿನ ಪಕ್ಷ ಬಂದು ಕಿತ್ತು ಹಾಕುವುದು ನಾವು ನೋಡಿರುವ ಆಟವೇ. ಡೆನ್ಮಾರ್ಕ್ ಇದಕ್ಕೆ ಬೇರೆಯದೇ ದಾರಿ ಕಂಡುಕೊಂಡಿದೆ. ಅಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಯಾವ ಒಂದು ಪಕ್ಷಕ್ಕೂ ಬಹುಮತ ಬಂದಿಲ್ಲ. ಅಲ್ಪಮತದ ಸರ್ಕಾರ ಅಲ್ಲಿ ಮಾಮೂಲು. 2022ರಲ್ಲಿ ಬಹುಮತ ಇರುವ ಮೈತ್ರಿ ಸರ್ಕಾರ ಬಂದಾಗ ಅದೇ ಒಂದು ವಿಶೇಷ ಸುದ್ದಿಯಾಯಿತು.

ಅವರ ಪದ್ಧತಿ ಹೀಗೆ. ತೆರಿಗೆ, ರಕ್ಷಣೆ, ಶಾಲೆಗಳಂಥ ದೊಡ್ಡ ವಿಷಯಕ್ಕೆ ಸರ್ಕಾರ ಮತ್ತು ಕೆಲವು ವಿರೋಧ ಪಕ್ಷಗಳು ಕೂತು ಒಂದು ಒಪ್ಪಂದ ಬರೆಯುತ್ತವೆ. ಸಹಿ ಹಾಕಿದ ಪಕ್ಷ ಆ ಕಾಯ್ದೆಯ ಪರವಾಗಿ ಮತ ಹಾಕಬೇಕು. ಬದಲಿಗೆ ಅದಕ್ಕೆ ಒಂದು ಹಕ್ಕು ಸಿಗುತ್ತದೆ: ಸಹಿ ಹಾಕಿದ ಎಲ್ಲರೂ ಒಪ್ಪದೆ ಆ ಒಪ್ಪಂದವನ್ನು ಬದಲಿಸುವಂತಿಲ್ಲ. ಹೊರಬರುವುದಾದರೆ ಚುನಾವಣೆಗೆ ಮೊದಲೇ ಹೇಳಬೇಕು. ಇದು ಸಂವಿಧಾನದಲ್ಲಿ ಬರೆದ ನಿಯಮವಲ್ಲ, ಪಕ್ಷಗಳು ಪಾಲಿಸಿಕೊಂಡು ಬಂದ ರೂಢಿ. ಹಾಗಾಗಿ ಇಂದು ವಿರೋಧದಲ್ಲಿರುವವರಿಗೂ ಆ ಕಾಯ್ದೆ 'ನಮ್ಮದು'. ನಾಳೆ ಅವರೇ ಅಧಿಕಾರಕ್ಕೆ ಬಂದರೂ ಅದನ್ನು ಕೀಳಲು ಕೈ ಹಾಕುವುದಿಲ್ಲ. ಮನೆ ಕಟ್ಟುವವರಿಗೆ, ವ್ಯಾಪಾರ ಮಾಡುವವರಿಗೆ, ಓದುವ ಮಕ್ಕಳಿಗೆ ನಾಳೆಯೂ ಇದೇ ನಿಯಮ ಇರುತ್ತದೆ ಎಂಬ ಭರವಸೆ ಸಣ್ಣದಲ್ಲ.

ಅಲ್ಪಮತದ ಸರ್ಕಾರ ಬೇಗ ಬೀಳುತ್ತದೆ ಎಂಬ ಮಾತಿಗೂ ಡೆನ್ಮಾರ್ಕಿನಲ್ಲಿ ಉತ್ತರ ಇದೆ. ಕನ್ಸರ್ವೇಟಿವ್ ಪಕ್ಷದ ಪೌಲ್ ಶ್ಲುಟರ್ 1982ರಿಂದ 1993ರವರೆಗೆ ಪ್ರಧಾನಿಯಾಗಿದ್ದರು. ಹತ್ತು ವರ್ಷ ದಾಟಿದ ಆ ಅವಧಿಯಲ್ಲಿ ಅವರಿಗೆ ಬಹುಮತದ ಆಸರೆ ಇರಲಿಲ್ಲ. ವಿದೇಶಾಂಗ ನೀತಿಯಲ್ಲಿ ವಿರೋಧ ಪಕ್ಷಗಳು ಸೇರಿ ಅವರನ್ನು ಎಷ್ಟೋ ಸಲ ಮತದಲ್ಲಿ ಸೋಲಿಸಿದವು. ಅವರು ಅದನ್ನು ಒಪ್ಪಿಕೊಂಡು ಮುಂದೆ ನಡೆದರು. ಒಂದು ಮತದಾನದಲ್ಲಿ ಸೋತ ಮಾತ್ರಕ್ಕೆ ಸರ್ಕಾರ ಬೀಳಬೇಕಿಲ್ಲ ಎಂಬ ತಿಳಿವಳಿಕೆ ಅಲ್ಲಿ ಎಲ್ಲರಿಗೂ ಇದೆ.

ಭಾರತದಲ್ಲಿ ಏನಾಯಿತು?

1991ರಲ್ಲಿ ಪಿ.ವಿ. ನರಸಿಂಹ ರಾವ್ ಪ್ರಧಾನಿಯಾದಾಗ ಅವರ ಪಕ್ಷಕ್ಕೆ ಲೋಕಸಭೆಯಲ್ಲಿ ಬಹುಮತ ಇರಲಿಲ್ಲ. ದೇಶದ ಬಳಿ ವಿದೇಶಿ ವಿನಿಮಯ ಬರಿದಾಗುತ್ತಿತ್ತು. ಜುಲೈ 24ರಂದು ಮನಮೋಹನ್ ಸಿಂಗ್ ಮಂಡಿಸಿದ ಬಜೆಟ್ ಆರ್ಥಿಕತೆಯ ದಿಕ್ಕನ್ನೇ ಬದಲಿಸಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಇದೆ. ದೊಡ್ಡ ತೀರ್ಮಾನ ತೆಗೆದುಕೊಳ್ಳಲು ದೊಡ್ಡ ಬಹುಮತ ಬೇಕೇ ಬೇಕು ಎಂಬ ನಂಬಿಕೆಯನ್ನಂತೂ ಅದು ಸುಳ್ಳು ಮಾಡಿತು.

ಅದಕ್ಕಿಂತ ಕಡಿಮೆ ಮಾತಿಗೆ ಬರುವುದು 1992ರ ಡಿಸೆಂಬರ್. ಪಂಚಾಯಿತಿ ಮತ್ತು ನಗರಸಭೆಗಳಿಗೆ ಸಂವಿಧಾನದ ಬಲ ಕೊಟ್ಟ 73 ಮತ್ತು 74ನೇ ತಿದ್ದುಪಡಿಗಳನ್ನು ಸಂಸತ್ತು ಒಪ್ಪಿದ್ದು ಆಗ. ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಷ್ಟು ಸ್ಥಾನ ಮೀಸಲಾದದ್ದೂ ಅದರಲ್ಲೇ. ಸಂವಿಧಾನ ತಿದ್ದಲು ಹಾಜರಿದ್ದು ಮತ ಹಾಕುವವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಅರ್ಧವೂ ಇಲ್ಲದ ಸರ್ಕಾರ ಅದನ್ನು ಮಾಡಿತು, ಏಕೆಂದರೆ ವಿರೋಧ ಪಕ್ಷಗಳೂ ಕೈ ಜೋಡಿಸಿದವು.

2005ರಲ್ಲಿ ಬಂದ ಮಾಹಿತಿ ಹಕ್ಕು ಕಾಯ್ದೆ ಮತ್ತು ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ಕಾಲದಲ್ಲಿಯೂ ಕೇಂದ್ರ ಸರ್ಕಾರ ಎಡಪಕ್ಷಗಳ ಬಾಹ್ಯ ಬೆಂಬಲದ ಮೇಲೆ ನಿಂತಿತ್ತು.

ಹಾಗಾದರೆ ಭಯ ಸುಳ್ಳೇ?

ಪೂರ್ತಿ ಸುಳ್ಳಲ್ಲ. ಒಳ್ಳೆಯದನ್ನು ಮಾತ್ರ ಹೇಳಿ ಮುಗಿಸಿದರೆ ಓದುವವರಿಗೆ ಮೋಸ ಮಾಡಿದಂತೆ.

ಕೆನಡಾದಲ್ಲೇ 1979ರಲ್ಲಿ ಜೋ ಕ್ಲಾರ್ಕ್ ಪ್ರಧಾನಿಯಾದರು. ಬಹುಮತ ಇಲ್ಲದಿದ್ದರೂ ಇರುವಂತೆಯೇ ಆಡಳಿತ ನಡೆಸುತ್ತೇನೆ ಎಂಬುದು ಅವರ ನಿಲುವು. ಡಿಸೆಂಬರ್‌ನಲ್ಲಿ ಅವರ ಬಜೆಟ್ 139ಕ್ಕೆ 133 ಮತಗಳಿಂದ ಬಿತ್ತು. ಅಧಿಕಾರಕ್ಕೆ ಬಂದು ಏಳು ತಿಂಗಳೂ ಆಗಿರಲಿಲ್ಲ. ಫ್ರಾನ್ಸ್‌ನಲ್ಲಿ ಸದನದ ಅಂತಿಮ ಮತದಾನವಿಲ್ಲದೆಯೇ ಮಸೂದೆಯನ್ನು ದಾಟಿಸಲು ಸರ್ಕಾರಕ್ಕೆ ಅವಕಾಶ ಕೊಡುವ ವಿಧಿಯೊಂದು ಸಂವಿಧಾನದಲ್ಲಿದೆ. ಅದನ್ನು 49.3 ಎಂದು ಕರೆಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಪ್ರಧಾನಿ ಮಿಷೆಲ್ ಬಾರ್ನಿಯೆ ಸಾಮಾಜಿಕ ಭದ್ರತೆಯ ಬಜೆಟ್‌ಗೆ ಆ ದಾರಿ ಹಿಡಿದರು. 331 ಸದಸ್ಯರು ಅವಿಶ್ವಾಸ ನಿರ್ಣಯದ ಪರ ನಿಂತು ಅವರನ್ನು ಇಳಿಸಿದರು. 1962ರ ನಂತರ ಅಲ್ಲಿ ಹೀಗೆ ಸರ್ಕಾರ ಬಿದ್ದದ್ದು ಅದೇ ಮೊದಲು. ಕ್ಲಾರ್ಕ್ ಮತ್ತು ಬಾರ್ನಿಯೆ, ಇಬ್ಬರ ಕಥೆಯಲ್ಲೂ ನನಗೆ ಕಾಣುವುದು ಒಂದೇ. ಎದುರಿನವರ ಒಪ್ಪಿಗೆ ಸಿಗುವ ಮೊದಲೇ ಮುಂದೆ ಹೋದರು. ಅಲ್ಪಮತದಲ್ಲಿ ಅದು ನಡೆಯುವುದಿಲ್ಲ.

ಬೆಂಬಲ ಕೊಳ್ಳುವ ಅಪಾಯವೂ ಇದೆ. 1993ರ ಜುಲೈನಲ್ಲಿ ನರಸಿಂಹ ರಾವ್ ಸರ್ಕಾರ ಅವಿಶ್ವಾಸ ನಿರ್ಣಯವನ್ನು 265ಕ್ಕೆ 251ರಿಂದ ಗೆದ್ದಿತು. ಮತಕ್ಕಾಗಿ ಕೆಲವು ಸಂಸದರಿಗೆ ಲಂಚ ಕೊಡಲಾಗಿತ್ತು ಎಂಬ ಪ್ರಕರಣ ನಂತರ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಲಂಚ ಪಡೆದು ಸದನದಲ್ಲಿ ಮತ ಹಾಕಿದ ಸಂಸದರಿಗೂ ಕಾನೂನಿನ ರಕ್ಷಣೆ ಇದೆ ಎಂದು 1998ರಲ್ಲಿ ಕೋರ್ಟ್ ಹೇಳಿತು. ಆ ತೀರ್ಪನ್ನು ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಮುಚ್ಚಿದ ಬಾಗಿಲ ಹಿಂದೆ ನಡೆಯುವ ವ್ಯವಹಾರಕ್ಕೂ, ಎಲ್ಲರೂ ಓದುವಂತೆ ಪ್ರಕಟಿಸಿದ ಒಪ್ಪಂದಕ್ಕೂ ಆಕಾಶ ಭೂಮಿಯ ವ್ಯತ್ಯಾಸ. ನ್ಯೂಜಿಲೆಂಡಿನಲ್ಲಿ ಇಂಥ ಒಪ್ಪಂದಗಳು ಪ್ರಕಟವಾಗುತ್ತವೆ. ಯಾವ ಸಣ್ಣ ಪಕ್ಷ ಏನು ಕೇಳಿತು, ಏನು ಪಡೆಯಿತು ಎಂದು ಯಾರು ಬೇಕಾದರೂ ಓದಬಹುದು. ಹಿರಿಯ ನಾಗರಿಕರಿಗೆ ರಿಯಾಯಿತಿ ಕೊಡುವ ಅಲ್ಲಿನ ಗೋಲ್ಡ್ ಕಾರ್ಡ್, 2005ರಲ್ಲಿ ಹೀಗೆ ಬರೆದ ಒಪ್ಪಂದದಿಂದ ಬಂದದ್ದು.

ಕೆಲವು ದೇಶಗಳು ನಿಯಮದಿಂದಲೇ ಅಪಾಯ ತಗ್ಗಿಸಿವೆ. ಜರ್ಮನಿ ಮತ್ತು ಸ್ಪೇನ್‌ನಲ್ಲಿ ಸದನ ಅವಿಶ್ವಾಸ ನಿರ್ಣಯದಿಂದ ಪ್ರಧಾನಿಯನ್ನು ಇಳಿಸಬೇಕಾದರೆ ಅವರ ಜಾಗಕ್ಕೆ ಯಾರು ಎಂಬುದನ್ನೂ ಅದೇ ಮತದಾನದಲ್ಲಿ ಹೇಳಬೇಕು. ಸುಮ್ಮನೆ ಬೀಳಿಸಿ ಕೈ ತೊಳೆದುಕೊಳ್ಳುವಂತಿಲ್ಲ. 2018ರಲ್ಲಿ ಸ್ಪೇನಿನ ಪೆದ್ರೊ ಸಾಂಚೆಸ್ ಹಾಗೆಯೇ ಪ್ರಧಾನಿಯಾದರು. ಆಗ ಅವರ ಪಕ್ಷದ ಸ್ವಂತ ಬಲ 350ರಲ್ಲಿ 84. ನಾರ್ವೆಯಲ್ಲಂತೂ ಸಂಸತ್ತನ್ನು ನಾಲ್ಕು ವರ್ಷ ವಿಸರ್ಜಿಸಲು ಆಗುವುದೇ ಇಲ್ಲ. ಸರ್ಕಾರ ಬಿದ್ದರೂ ಚುನಾವಣೆ ಇಲ್ಲ, ಇರುವ ಸದಸ್ಯರೇ ಇನ್ನೊಂದು ದಾರಿ ಹುಡುಕಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಜೊತೆಗಿರಲೇಬೇಕಾದವರು ಬೇಗ ಮಾತಿಗೆ ಬರುತ್ತಾರೆ.

ಸಣ್ಣ ಪಕ್ಷದ ಹಿಡಿತಕ್ಕೆ ಸಿಕ್ಕಿಬಿಡುತ್ತದೆಯೇ?

ಜನ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ ಕೂಡ. ಬ್ರಿಟನ್ನಿನಲ್ಲಿ 2017ರಲ್ಲಿ ತೆರೇಸಾ ಮೇ ಸರ್ಕಾರಕ್ಕೆ ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಸದಸ್ಯರ ಬೆಂಬಲ ಬೇಕಾಯಿತು. ಒಪ್ಪಂದದಲ್ಲಿ ಆ ಪ್ರದೇಶಕ್ಕೆ 100 ಕೋಟಿ ಪೌಂಡ್ ಹೆಚ್ಚುವರಿ ಹಣ ಹೋಯಿತು. ಆದರೆ ಈ ಹಿಡಿತ ಬಲವಾಗುವುದು ಸರ್ಕಾರಕ್ಕೆ ಬೇರೆ ಜೊತೆಗಾರರು ಇಲ್ಲದಾಗ. ಒಂದೇ ಪಕ್ಷಕ್ಕೆ ಕಟ್ಟಿಹಾಕಿಕೊಳ್ಳದ ಅಲ್ಪಮತದ ಸರ್ಕಾರಕ್ಕೆ ಒಂದು ಸ್ವಾತಂತ್ರ್ಯ ಇರುತ್ತದೆ: ಇವತ್ತು ಇವರ ಜೊತೆ, ನಾಳೆ ಇನ್ನೊಂದು ವಿಷಯಕ್ಕೆ ಅವರ ಜೊತೆ.

ಸ್ಕಾಟ್ಲೆಂಡಿನಲ್ಲಿ ಇದು ಕಣ್ಣೆದುರೇ ನಡೆಯಿತು. 2007ರಲ್ಲಿ ಅಲ್ಲಿನ ಸಂಸತ್ತಿನ 129 ಸ್ಥಾನಗಳಲ್ಲಿ ಸ್ಕಾಟಿಷ್ ನ್ಯಾಷನಲ್ ಪಕ್ಷಕ್ಕೆ ಬಂದದ್ದು 47. ಅಷ್ಟರಲ್ಲೇ ಅಲೆಕ್ಸ್ ಸಾಲ್ಮಂಡ್ ಸರ್ಕಾರ ಮಾಡಿದರು. 2009ರ ಜನವರಿ 28ರಂದು ಬಜೆಟ್ ಮತಕ್ಕೆ ಬಂತು. ಮನೆಗಳ ಗೋಡೆ, ಚಾವಣಿಗೆ ಚಳಿ ತಡೆಯುವ ಹೊದಿಕೆ ಹಾಕಿಸುವ ಯೋಜನೆಗೆ ಕೊಟ್ಟ ಹಣ ಸಾಲದು ಎಂದು ಗ್ರೀನ್ ಪಕ್ಷದ ಇಬ್ಬರು ಸದಸ್ಯರು ವಿರುದ್ಧ ಮತ ಹಾಕಿದರು. ಎಣಿಸಿದರೆ 64ಕ್ಕೆ 64. ಸಭಾಧ್ಯಕ್ಷರ ನಿರ್ಣಾಯಕ ಮತ ವಿರುದ್ಧ ಬಿದ್ದು ಬಜೆಟ್ ಸೋತಿತು.

ಸರ್ಕಾರ ಬಿತ್ತು ಅಂದುಕೊಂಡವರು ಬಹಳ ಜನ. ಆದರೆ ಮಾತುಕತೆ ಅಂದೇ ಮತ್ತೆ ಶುರುವಾಯಿತು. ಈ ಸಲ ಸರ್ಕಾರ ದೊಡ್ಡ ವಿರೋಧ ಪಕ್ಷಗಳ ಕಡೆ ತಿರುಗಿತು. ಲೇಬರ್ ಪಕ್ಷ ಯುವಜನರಿಗೆ ಕೆಲಸ ಕಲಿಸುವ ಅಪ್ರೆಂಟಿಸ್ ಸ್ಥಾನಗಳನ್ನು ಹೆಚ್ಚಿಸಲು ಕೇಳಿತು, ಸಿಕ್ಕಿತು. ಲಿಬರಲ್ ಡೆಮಾಕ್ರಟರೂ ಒಪ್ಪಿದರು. ಒಂದೇ ವಾರದಲ್ಲಿ, ಫೆಬ್ರವರಿ 4ರಂದು, ಬಜೆಟ್ ಮತ್ತೆ ಮತಕ್ಕೆ ಬಂತು. ಪರ 123, ವಿರುದ್ಧ 2. ಆ ಎರಡು ಮತ ಗ್ರೀನ್ ಪಕ್ಷದವರದ್ದೇ.

ಆ ಸರ್ಕಾರ ತನ್ನ ನಾಲ್ಕು ವರ್ಷ ಪೂರೈಸಿತು. 2011ರ ಚುನಾವಣೆಯಲ್ಲಿ ಮತದಾರರು ಅದೇ ಪಕ್ಷಕ್ಕೆ 69 ಸ್ಥಾನ ಕೊಟ್ಟರು.